ಟ್ರೋಲ್‌ಗೆ ಬೆಂಕಿ ಇಟ್ಟಿದ್ದು ತಪ್ಪಾ?

ನಿಮ್ಮ ಪತ್ರ ತಲುಪಿತು. ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಆಟ) ಆಡಿಸುವಾಗ ಜಗಳ ಆಯಿತು ಎಂದು ಬರೆದಿದ್ದೀರಿ. ಸೇತುವೆ ಕೆಳಗಿಂದ ಟ್ರೋಲ್ ಎನ್ನುವ ದೈತ್ಯ ರಾಕ್ಷಸ ಎದ್ದು ಬಂತು. ಊರು ಬಿಟ್ಟು ಹೊರಗೇ ಬರದಿದ್ದ, ಕುರಿ ಕಾಯುವ ಹುಡುಗನ ಪಾತ್ರ ನಿಮ್ಮ ಗೆಳೆಯನದು. ಅವನು ಕತ್ತಿ ಬಿಟ್ಟು ನೇರ ಪಂಜಿಗೆ ಕೈ ಹಾಕಿದ. ಟ್ರೋಲ್‌ಗೆ ಬೆಂಕಿಯೇ ಬೇಕು ಎಂದು ಆ ಹುಡುಗನಿಗೆ ಹೇಗೆ ಗೊತ್ತು ಎಂದು ನೀವು ಆಟ ನಿಲ್ಲಿಸಿದಿರಿ. ‘ಗೊತ್ತಿರುವುದನ್ನು ಮರೆಯುವುದು ಹೇಗೆ?’ ಎಂದು ಅವನು ಕೇಳಿದ.

ಅವನ ಪ್ರಶ್ನೆ ನ್ಯಾಯವಾದದ್ದೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದದ್ದು 1974ರಲ್ಲಿ. ಟ್ರೋಲ್‌ನ ಗಾಯ ತಾನಾಗೇ ಮಾಯುತ್ತದೆ, ಅದನ್ನು ತಡೆಯಲು ಬೆಂಕಿ ಇಲ್ಲವೇ ಆಸಿಡ್ ಬೇಕು ಎನ್ನುವುದು ಹಳೇ ಆಟಗಾರರಿಗೆ ಬಾಯಿಪಾಠ. ಈಗ ಅವನು ಬೇಕಂತಲೇ ಪಂಜು ಮುಟ್ಟದೆ ನಾಲ್ಕು ಸುತ್ತು ಸುಮ್ನೆ ಕತ್ತಿ ಬೀಸಿದ ಎಂದುಕೊಳ್ಳಿ. ಅದೂ ಪುಸ್ತಕ ಓದಿದವನ ಆಟವೇ ಅಲ್ವಾ? ನಿಜಕ್ಕೂ ಏನೂ ಗೊತ್ತಿಲ್ಲದ ಕುರಿ ಕಾಯುವವನು ರಾತ್ರಿ ತೋಳ ಬಂದರೂ ಕೊಳ್ಳಿ ಹಿಡಿದೇ ಓಡಿಸುತ್ತಾನೆ.

ಹಾಗಾಗಿ ಗದರಿಸಬೇಡಿ. ‘ನಿನ್ನ ಹುಡುಗ ಇದನ್ನು ಎಲ್ಲಿ ಕಲಿತ?’ ಎಂದು ಕೇಳಿ. ಅಜ್ಜಿ ಕಥೆಯಲ್ಲಿ ಕೇಳಿದ್ದ ಎಂದರೆ ಇಪ್ಪತ್ತು ಮುಖದ ದಾಳ ಹಾಕಿಸಿ. ಬುದ್ಧಿಯ ಅಂಕ ಸೇರಿ 15 ಮುಟ್ಟಿದರೆ ಕಥೆ ನೆನಪಾಯಿತು. ಇಲ್ಲದಿದ್ದರೆ ಅಜ್ಜಿ ಹೇಳಿದ್ದು ಬೇರೆ ಯಾವುದೋ ರಾಕ್ಷಸನ ಕಥೆ. ಎರಡರಲ್ಲಿ ಯಾವುದಾದರೂ ಆ ಹುಡುಗನಿಗೆ ಒಬ್ಬ ಅಜ್ಜಿ ಸಿಕ್ಕಳು. ನನಗೆ ಅದೇ ದೊಡ್ಡ ಲಾಭ.

ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ಪಾತ್ರ ಕಟ್ಟುವ ತಾಳಮದ್ದಳೆ ಕೇಳಿದ್ದೀರಾ? ಕರ್ಣಪರ್ವದ ಪ್ರಸಂಗದಲ್ಲಿ ಅರ್ಜುನನ ಅರ್ಥ ಹೇಳುವವರಿಗೆ, ಅಂದರೆ ಅವನ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ, ಕರ್ಣ ಅರ್ಜುನನ ಅಣ್ಣ ಎಂದು ಗೊತ್ತು. ಕೇಳುವವರಿಗೂ ಗೊತ್ತು. ಅರ್ಜುನನಿಗೆ ಮಾತ್ರ ಗೊತ್ತಿಲ್ಲ. ಒಳ್ಳೇ ಅರ್ಥಧಾರಿ ಆ ತಿಳಿವಳಿಕೆಯನ್ನು ಮರೆಯುವುದಿಲ್ಲ. ಅದನ್ನು ಇಟ್ಟುಕೊಂಡೇ ಅರ್ಜುನನ ಬಾಯಲ್ಲಿ ‘ಸೂತಪುತ್ರ’ ಎನ್ನುವ ಮಾತನ್ನು ಇನ್ನಷ್ಟು ಚುಚ್ಚುವಂತೆ ಆಡುತ್ತಾರೆ. ಕೇಳುವವರ ಕರುಳು ಚುರುಕ್ ಎನ್ನುತ್ತದೆ. ನಿಮ್ಮ ಗೆಳೆಯನಿಂದಲೂ ನಾನು ಇದನ್ನೇ ಬಯಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ನೀವು ಆಡಿಸುತ್ತಿರುವ ಕಥೆಯ ಪುಸ್ತಕವನ್ನೇ ಯಾರಾದರೂ ಮೊದಲೇ ಓದಿ ಬಂದು, ನೆಟ್ಟಗೆ ಗುಪ್ತಬಾಗಿಲಿಗೆ ನಡೆದರೆ, ಉಳಿದವರ ಹುಡುಕಾಟವನ್ನು ಕಸಿದ ಹಾಗೆ. ಅಂಥವರನ್ನು ಆಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ಮಾತಾಡಿ. ಬಾಗಿಲನ್ನೂ ಬೇರೆ ಗೋಡೆಗೆ ಸರಿಸಿ.

ಮುಂದಿನ ಸಲ ಅದೇ ಸೇತುವೆಗೆ ಇನ್ನೊಂದು ಟ್ರೋಲ್ ತನ್ನಿ. ಜೋರು ಮಳೆ ಬರುತ್ತಿರಲಿ, ಪಂಜು ಹತ್ತದಿರಲಿ. ಆ ಹುಡುಗ ಏನು ಮಾಡಿದ ಎಂದು ಖಂಡಿತ ಬರೆದು ತಿಳಿಸಿ.

— ಸಂಪಾದಕ