ಕಸ ಎತ್ತಿದರೆ ಪಾಯಿಂಟ್ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕೀನ್ಯಾ ದೇಶದ ರಾಜಧಾನಿ ನೈರೋಬಿಯ ಮಥಾರೆ ಕೊಳೆಗೇರಿಯ ಫುಟ್‌ಬಾಲ್ ಸಂಸ್ಥೆಯನ್ನು ಹೊಗಳಿದ್ದೀರಿ. ಬಡ ಮಕ್ಕಳ ಕೈಲಿ ಕಸ ಎತ್ತಿಸಿ ಪಾಯಿಂಟ್ ಕೊಡುವುದು ಕೋಚಿಂಗ್ ಹೇಗಾಗುತ್ತದೆ? ನಾನೂ ಭಾನುವಾರ ನಮ್ಮ ಕ್ಲಬ್ಬಿನ ಹುಡುಗ ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ಇಲ್ಲಿ ಹೀಗೆ ಮಾಡಿದರೆ ಯಾವ ತಂದೆತಾಯಿ ಮಕ್ಕಳನ್ನು ಕಳಿಸುತ್ತಾರೆ? — ಓದುಗರು, ಗದಗ

ಸಂಪಾದಕರ ಉತ್ತರ: ಯಾರೂ ಕಳಿಸುವುದಿಲ್ಲ. ಕಳಿಸಲೂಬಾರದು. ನಮ್ಮಲ್ಲಿ ಕಸ ಎತ್ತುವ ಕೆಲಸವನ್ನು ಯಾವ ಜಾತಿಯವರ ತಲೆಗೆ ಕಟ್ಟಿದ್ದೇವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಕೇರಿಯ ಹುಡುಗ ಚೆಂಡು ಒದೆಯಲು ಬಂದಾಗ ಅವನ ಕೈಗೆ ಮತ್ತೆ ಪೊರಕೆ ಕೊಟ್ಟರೆ ಅವರಪ್ಪ ಬೈಯುವುದೇ ಸರಿ.

ಮಥಾರೆಯ ಕಥೆ ಸ್ವಲ್ಪ ಬೇರೆ. 1987ರಲ್ಲಿ ಬಾಬ್ ಮನ್ರೋ ಎಂಬ ಕೆನಡಾದವರು ಅಲ್ಲಿನ ಮಕ್ಕಳು ಪ್ಲಾಸ್ಟಿಕ್ ಚೀಲ ಸುತ್ತಿ, ಹುರಿಯಿಂದ ಬಿಗಿದ ಚೆಂಡಿನಲ್ಲಿ ಆಡುವುದನ್ನು ನೋಡಿದರು. ಮಕ್ಕಳಿಗೆ ನಿಜವಾದ ಚೆಂಡು, ಒಬ್ಬ ರೆಫರಿ, ಒಂದು ಲೀಗ್ ಬೇಕಿತ್ತು. ಇವರು ಒಂದು ಷರತ್ತು ಹಾಕಿದರು: ನಾನು ಏನಾದರೂ ಮಾಡಬೇಕೆಂದರೆ ನೀವೂ ಏನಾದರೂ ಮಾಡಬೇಕು. ಆಗ ಆ ಓಣಿಗಳಿಗೆ ಕಸದ ಗಾಡಿ ಬರುತ್ತಿರಲಿಲ್ಲ. ಚರಂಡಿ ಕಟ್ಟಿಕೊಂಡು ಕೊಳಕು ನೀರು ನಿಲ್ಲುತ್ತಿತ್ತು, ಮಕ್ಕಳು ಕಾಯಿಲೆ ಬೀಳುತ್ತಿದ್ದರು. ಹಾಗಾಗಿ ಓಣಿ ಸ್ವಚ್ಛ ಮಾಡಿದ ತಂಡಕ್ಕೆ ಲೀಗ್ ಪಟ್ಟಿಯಲ್ಲಿ ಪಾಯಿಂಟ್. ಈ ನಿಯಮ ಗೆದ್ದ ತಂಡಕ್ಕೂ ಇತ್ತು, ಸೋತ ತಂಡಕ್ಕೂ ಇತ್ತು. ಯಾರೋ ಒಬ್ಬರನ್ನು ಆರಿಸಿ ಆ ಕೆಲಸಕ್ಕೆ ಹಚ್ಚಲಿಲ್ಲ. ನಗರಪಾಲಿಕೆ ಮಾಡಬೇಕಾದ್ದನ್ನು ಮಕ್ಕಳು ಯಾಕೆ ಮಾಡಬೇಕು ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಅದು ನ್ಯಾಯವಾದ ಪ್ರಶ್ನೆಯೇ.

ಆದರೆ ಅವರ ಕೋಚಿಂಗ್ ಕಸಕ್ಕೇ ಮುಗಿಯಲಿಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು ಅವರ ರೆಡ್ ಕಾರ್ಡ್ ನಿಯಮ. ರೆಡ್ ಕಾರ್ಡ್ ಸಿಕ್ಕವನು ಸುಮ್ನೆ ಮನೆಯಲ್ಲಿ ಕೂರುವಂತಿಲ್ಲ. ಚಿಕ್ಕ ಮಕ್ಕಳ ಪಂದ್ಯಗಳಿಗೆ ರೆಫರಿಯಾಗಿ ನಿಂತು, ಆಮೇಲೆ ಆಟಕ್ಕೆ ವಾಪಸ್ ಬರಬೇಕು. ನಿನ್ನೆ ರೆಫರಿ ಮೇಲೆ ಕೂಗಾಡಿದ ಹುಡುಗ ಇವತ್ತು ತಾನೇ ಸೀಟಿ ಊದಬೇಕು, ಹತ್ತು ವರ್ಷದ ಪೋರರ ಕೈಲಿ ‘ಅದು ಫೌಲ್ ಅಲ್ಲ’ ಅಂತ ಬೈಸಿಕೊಳ್ಳಬೇಕು. ಇದಕ್ಕಿಂತ ಒಳ್ಳೆ ಪಾಠ ಯಾವ ಕೋಚ್ ಹೇಳಿಕೊಡುತ್ತಾನೆ ಹೇಳಿ. ಚೆನ್ನಾಗಿ ನಡೆದುಕೊಂಡವರಿಗೆ ಗ್ರೀನ್ ಕಾರ್ಡೂ ಇದೆ. ಚಿಕ್ಕವರಿಗೆ ಆಟ ಕಲಿಸುವ, ರೆಫರಿ ಕೆಲಸ ಮಾಡುವ ದೊಡ್ಡ ಮಕ್ಕಳಿಗೆ ಅದಕ್ಕೂ ಪಾಯಿಂಟ್. ಆ ಪಾಯಿಂಟ್ ಲೆಕ್ಕದ ಮೇಲೆ ಸಿಗುವ ಶಾಲಾ ಫೀಸಿನ ಹಣ ಮನೆಗೆ ಬರುವುದಿಲ್ಲ, ನೇರವಾಗಿ ಶಾಲೆಗೇ ಹೋಗುತ್ತದೆ. ಈ ಹಣ ಮನೆಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆಟ ಹಿಂದೆ ಬೀಳಲಿಲ್ಲವೇ ಅಂತ ನೀವು ಕೇಳಬಹುದು. ಇಲ್ಲ. ಈ ಮಕ್ಕಳ ಲೀಗಿನಿಂದಲೇ 1994ರಲ್ಲಿ ಮಥಾರೆ ಯುನೈಟೆಡ್ ಕ್ಲಬ್ ಹುಟ್ಟಿತು. 2008ರಲ್ಲಿ ಅದು ಕೀನ್ಯಾ ದೇಶದ ಲೀಗ್ ಗೆದ್ದಿತು.

ಗದಗಿಗೆ ಇದರಲ್ಲಿ ಏನು ಬೇಕು? ಕಸ ಬಿಟ್ಟುಬಿಡಿ. ರೆಫರಿ ನಿಯಮ ನಾಳೆಯೇ ತರಬಹುದು, ಒಂದು ಸೀಟಿ ಇದ್ದರೆ ಸಾಕು. ಕ್ಲಬ್ಬಿನ ಹದಿನೈದು ಹದಿನಾರರ ಮಕ್ಕಳಿಗೆ ಒಂದೊಂದು ಚಿಕ್ಕವರ ಗುಂಪು ವಹಿಸಿ, ನೀವು ಬೇಲಿ ಹತ್ತಿರ ನಿಂತು ನೋಡಿ. ಮೊದಲ ಕೆಲವು ವಾರ ಗದ್ದಲವೇ ಇರುತ್ತದೆ, ನಡುವೆ ಬಾಯಿ ಹಾಕಬೇಡಿ.

ಇನ್ನೊಂದು ಮಾತು. ಮಥಾರೆಯಲ್ಲೂ ಮೊದಲು ಹುಡುಗರೇ ಆಡುತ್ತಿದ್ದರು, ಹುಡುಗಿಯರ ತಂಡಗಳು ಬಂದಿದ್ದು 1992ರಲ್ಲಿ. ಮನೆಗೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಎಲ್ಲ ಅವರ ಮೇಲೇ ಇತ್ತು. ನಿಮ್ಮೂರಿನಲ್ಲಿ ಅದರ ಜೊತೆಗೆ ನಲ್ಲಿ ನೀರಿನ ಕಾಟ ಬೇರೆ. ನೀರು ಬಿಡುವ ದಿನ ಕೊಡ ಬಿಟ್ಟು ಮೈದಾನಕ್ಕೆ ಬಾ ಅಂದರೆ ಯಾವ ಹುಡುಗಿಗೂ ಆಗುವುದಿಲ್ಲ. ಭಾನುವಾರವೇ ನೀರು ಬಂದರೆ ಆ ವಾರದ ಅಭ್ಯಾಸವನ್ನು ಸೋಮವಾರ ಸಂಜೆಗೆ ಹಾಕಿ.