ಎಂಟನೇ ತರಗತಿ ಮಕ್ಕಳ ಓದು ಸುಧಾರಿಸಲು ನಮ್ಮ ಬಿ.ಎಡ್ ವಿಭಾಗ ಶಾಲೆಯ ಜೊತೆ ಸೇರಿ ಏನು ಮಾಡಬಹುದು?

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯ ಜೊತೆ ಒಪ್ಪಂದ ಮಾಡಿಕೊಂಡು, ಓದಲು ಬಾರದ ಮಕ್ಕಳನ್ನು ಬೇರೆ ಕೂರಿಸಿ ನಿಮ್ಮ ವಿದ್ಯಾರ್ಥಿಗಳಿಂದ ಪಾಠ ಮಾಡಿಸುತ್ತೇವೆ ಅಂದಿದ್ದೀರಿ. ದಯವಿಟ್ಟು ಬೇರೆ ಕೂರಿಸಬೇಡಿ. ನಾನು ಬಿ.ಎಡ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇದನ್ನೇ ಮಾಡಿಸಿದ್ದೆ.

ಎರಡು ವರ್ಷದ ಬಿ.ಎಡ್‌ನಲ್ಲಿ 20 ವಾರ ಇಂಟರ್ನ್‌ಶಿಪ್ ಇದೆಯಲ್ಲ, ಅದನ್ನೇ ಬಳಸಿಕೊಂಡೆವು. ಓದಿನಲ್ಲಿ ಹಿಂದಿದ್ದವರ ಪಟ್ಟಿ ಮಾಡಿ, ಗಣಿತದ ಪೀರಿಯಡ್‌ನಲ್ಲಿ ಎಬ್ಬಿಸಿ ಲ್ಯಾಬ್‌ಗೆ ಕರೆದುಕೊಂಡು ಹೋಗುತ್ತಿದ್ದೆವು. ಕೈಗೆ ಕೊಟ್ಟಿದ್ದು ಒಂದನೇ ಕ್ಲಾಸಿನ ಪುಸ್ತಕ. ಮೀಸೆ ಚಿಗುರುತ್ತಿರುವ ಹುಡುಗನಿಗೆ ‘ಸರ, ದರ, ಗರಗಸ’. ಹೆಸರು ಕರೆದ ಕೂಡಲೇ ಹಿಂದಿನ ಬೆಂಚಿನಿಂದ ನಗು. ಒಬ್ಬ ಹುಡುಗಿ ಪುಸ್ತಕದ ರಟ್ಟನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಪಾಠ ತಪ್ಪಿ ಗಣಿತದಲ್ಲೂ ಮಕ್ಕಳು ಹಿಂದೆ ಬಿದ್ದರು. ಸಮಾಜದ ಮೇಷ್ಟ್ರು ‘ಓದಿಸೋದು ಈಗ ಕಾಲೇಜಿನವರ ಕೆಲಸ ಅಲ್ವಾ’ ಅಂತ ಸುಮ್ಮನಾದರು. ಅವರದ್ದೇನೂ ತಪ್ಪಿಲ್ಲ, ಆ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡವಳು ನಾನು. ಇಂಟರ್ನ್‌ಶಿಪ್ ಮುಗಿಯಿತು, ನಮ್ಮವರು ಹೊರಟರು, ಓದೂ ನಿಂತಿತು.

‘ಓದಲು ಬರಲ್ಲ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಒತ್ತಕ್ಷರದಲ್ಲಿ ಎಡವುವವರು ಕೆಲವರು ಇದ್ದರು, ನಿಜ. ಜಾಸ್ತಿ ಮಕ್ಕಳು ಸಾಲನ್ನು ಸರಾಗವಾಗಿ ಓದಿ, ಏನರ್ಥ ಅಂದರೆ ತಲೆ ತಗ್ಗಿಸುತ್ತಿದ್ದರು. ‘ದ್ಯುತಿಸಂಶ್ಲೇಷಣೆ’ ಗೊತ್ತು, ವಿಜ್ಞಾನದ ಮಿಸ್ ಬಿಡಿಸಿ ಹೇಳಿರುತ್ತಾರೆ. ‘ಅವಲಂಬಿಸಿದೆ’, ‘ಹೊರತುಪಡಿಸಿ’ ಇವನ್ನು ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳ ಕಿವಿಗೆ ಇವು ಎಲ್ಲಿ ಬೀಳಬೇಕು? ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಕಲಿಸುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ನೋಡಿದರೆ ಮೂರನೇ ತರಗತಿಗೇ ಮುಗಿಯುತ್ತದೆ.

ಅಮೆರಿಕದ ಬಾಸ್ಟನ್‌ನಲ್ಲಿ ಹಾರ್ವರ್ಡ್‌ನ ಭಾಷಾ ಸಂಶೋಧಕಿ ಕ್ಯಾಥರೀನ್ ಸ್ನೋ ಅವರ ತಂಡ ಅಲ್ಲಿನ ಸರ್ಕಾರಿ ಶಾಲೆಗಳ ಜೊತೆ ಸೇರಿ ‘ವರ್ಡ್ ಜನರೇಷನ್’ ಎಂಬ ಪದ ಕಲಿಸುವ ಕಾರ್ಯಕ್ರಮ ರೂಪಿಸಿತು. ವಾರಕ್ಕೆ 5 ಪದ, ದಿನಕ್ಕೆ ಸುಮಾರು 15 ನಿಮಿಷ, ಮಕ್ಕಳು ವಾದಕ್ಕೆ ಇಳಿಯುವಂಥ ಒಂದು ವಿಷಯ. ಅದೇ ಪದಗಳು ಒಂದು ದಿನ ಗಣಿತದಲ್ಲಿ, ಇನ್ನೊಂದು ದಿನ ವಿಜ್ಞಾನದಲ್ಲಿ, ಮತ್ತೊಂದು ದಿನ ಸಮಾಜದಲ್ಲಿ ಬರುತ್ತವೆ. ವಾರದ ಕೊನೆಗೆ ಮಕ್ಕಳು ತಮ್ಮ ನಿಲುವು ಬರೆಯುತ್ತಾರೆ. ಪಾಠ ಮಾಡುವವರು ಶಾಲೆಯ ಶಿಕ್ಷಕರೇ.

ಮುಂದಿನ ಬ್ಯಾಚ್‌ನಲ್ಲಿ ನಾವೂ ಈ ದಾರಿ ಹಿಡಿದೆವು. ‘ಶಾಲೆಗೆ ಮೊಬೈಲ್ ತರಬಹುದೇ?’ ಅಂತ ಕೇಳಿದ್ದೇ ತಡ, ಇಡೀ ಕ್ಲಾಸು ಗಲಗಲ ಅಂದಿತು. ಬಾಯಿ ಬಿಡದ ಹುಡುಗನೊಬ್ಬ ಎದ್ದು ‘ಪರೀಕ್ಷೆ ದಿನ ಹೊರತುಪಡಿಸಿ ತರಬಹುದು ಮಿಸ್’ ಅಂದ. ಎಷ್ಟು ಖುಷಿಯಾಯಿತು ಗೊತ್ತಾ!

ಒಪ್ಪಂದಕ್ಕೆ ಬರೀ ಹೆಡ್‌ಮಾಸ್ಟರ್ ಸಹಿ ಸಾಲದು. ಜೂನ್‌ನಲ್ಲಿ ಟೈಮ್‌ಟೇಬಲ್ ಹಾಕುವ ಮೊದಲೇ ಹೋಗಿ, ಎಲ್ಲ ವಿಷಯದ ಶಿಕ್ಷಕರ ಜೊತೆ ಕೂತು, ಪದಗಳನ್ನು ಅವರಿಂದಲೇ ಆರಿಸಿ. ಒತ್ತಕ್ಷರ ಕಷ್ಟವಾಗುವ ಮಕ್ಕಳನ್ನು ನಿಮ್ಮ ವಿದ್ಯಾರ್ಥಿಗಳು ಅದೇ ಕ್ಲಾಸಿನಲ್ಲಿ ಪಕ್ಕ ಕೂತು ಓದಿಸಲಿ. ಕೈಯಲ್ಲಿ ಎಂಟನೇ ತರಗತಿಯ ಪುಸ್ತಕವೇ ಇರಲಿ.