ಅಜ್ಜನ ಕೊಹಿಮಾ ಫೋಟೋ: ಅದೇ ಜಾಗ ಹುಡುಕೋದು ಹೇಗೆ?

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ 1944ರ ಕೊಹಿಮಾ (ಈಗಿನ ನಾಗಾಲ್ಯಾಂಡ್ ರಾಜಧಾನಿ) ಫೋಟೋ ಹಿಡ್ಕೊಂಡು, ಅದನ್ನ ತೆಗೆದ ಜಾಗದಲ್ಲೇ ನಿಂತು ಇನ್ನೊಂದು ತೆಗೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ.

ಮರಗಳನ್ನ ಮಾತ್ರ ನಂಬಬೇಡಿ. ಆ ವರ್ಷ ಬ್ರಿಟಿಷ್ ಇಂಡಿಯಾ ಸೇನೆಗೂ ಜಪಾನೀಯರಿಗೂ ಅಲ್ಲಿ ನಡೆದ ಯುದ್ಧದಲ್ಲಿ ಗ್ಯಾರಿಸನ್ ಹಿಲ್ ಅನ್ನೋ ಗುಡ್ಡದ ಮೇಲಿನ ಮರಗಳು ಶೆಲ್ ಬಿದ್ದು ಬೋಳಾಗಿದ್ದವು, ಈಗ ಅಲ್ಲಿ ಹಸಿರೋ ಹಸಿರು, ಸುತ್ತ ಊರು ಬೇರೆ ಒತ್ತೊತ್ತಾಗಿ ಬೆಳೆದಿದೆ. ಹಿಂದಿರೋ ಬೆಟ್ಟದ ಅಂಚು ನೋಡಿ, ಅದು ಬದಲಾಗಿಲ್ಲ. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟ್ ಇದ್ದ ಕಡೆ ಈಗ ಯುದ್ಧ ಸ್ಮಶಾನ ಇದೆ, ಕೋರ್ಟಿನ ಗೆರೆಗಳನ್ನ ಹಾಗೇ ಗುರುತು ಮಾಡಿ ಇಟ್ಟಿದ್ದಾರೆ. ಅಳತೆಗೆ ಅದಕ್ಕಿಂತ ಒಳ್ಳೆಯದು ಬೇಕಾ?

ಮೊದಲು ಫೋಟೋ ಎಡ-ಬಲ ಉಲ್ಟಾ ಪ್ರಿಂಟ್ ಆಗಿದೆಯಾ ನೋಡ್ಕೊಳ್ಳಿ. ಆಗ ಬ್ರಿಟಿಷ್, ಭಾರತೀಯ ಸೈನಿಕರು ಹಿಡೀತಿದ್ದ ಲೀ-ಎನ್‌ಫೀಲ್ಡ್ ರೈಫಲ್ಲಿನ ಬೋಲ್ಟ್ ಹಿಡಿ (ಗುಂಡು ತುಂಬೋಕೆ ಎಳೆಯೋ ಹಿಡಿ) ಬಲಗಡೆ ಇರುತ್ತೆ, ಫೋಟೋದಲ್ಲಿ ಎಡಕ್ಕೆ ಬಂದಿದ್ರೆ ನೆಗೆಟಿವ್ ತಿರುಗಿದೆ ಅಂತ ಅರ್ಥ, ಆಮೇಲೆ ನೀವು ಎಷ್ಟು ಅಲೆದರೂ ಬೆಟ್ಟ ಹೊಂದೋದಿಲ್ಲ.

ಅಲ್ಲಿ ಹೋದ ಮೇಲೆ ಹತ್ತಿರದ್ದೊಂದು, ದೂರದ್ದೊಂದು ಗುರುತು ಹಿಡಿಯಿರಿ, ಗೋಡೆಯ ಮೂಲೆ ಮತ್ತು ಬೆಟ್ಟದ ತುದಿ ಅಂದ್ಕೊಳ್ಳಿ. ಹಳೇ ಫೋಟೋದಲ್ಲಿ ಒಂದರ ಮೇಲೊಂದು ಹೇಗೆ ಬಂದಿವೆಯೋ ಹಾಗೆ ಬರೋವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಜೂಮ್ ಮಾಡಿದ್ರೆ ಇದು ಸರಿಹೋಗಲ್ಲ, ಕಾಲೇ ಆಡಬೇಕು.

ಹೋಗೋ ಮುಂಚೆ ಮಡಿಕೇರಿ ಕೋಟೆ ಅಂಗಳದ ಎರಡು ಆನೆ ಪ್ರತಿಮೆಗಳ ಯಾವುದಾದ್ರೂ ಹಳೇ ಫೋಟೋ ಇಟ್ಕೊಂಡು ಅಭ್ಯಾಸ ಮಾಡಿ. ಮೂಲ ಪ್ರಿಂಟ್ ಮನೇಲೇ ಇರಲಿ, ಸ್ಕ್ಯಾನ್ ಸಾಕು.